ಹಂಸಳ ಪರವಾಗಿ ಸಾಕ್ಷಿ ಯಾರು?

"ಯಾರ್ರೀ ನನ್ನ ದಂಡಿಗನಹಳ್ಳಿ ಮೇಲೆ ಸುತ್ತಾಕ್ಸಿದ್ದು?"

ಹಾಸನದ ಆಂಬುಲೆನ್ಸ್ ಕಂಟ್ರೋಲ್ ರೂಮಿನ ಬಾಗಿಲು ದಡಾರನೆ ತೆರೆಯಿತು. ಕೆಂಡಾಮಂಡಲವಾಗಿ ನಿಂತಿದ್ದವನು ಹೊಸ ಡ್ರೈವರ್ ಗಿರಿಧರ, ಹೊಳೆನರಸೀಪುರದವನು.

ಅಲ್ಲಿ ಕರೆ ತೆಗೆಯುವ ಹಂಸ ಕಿವಿಯಿಂದ ಫೋನು ತೆಗೆಯದೆಯೇ ತಿರುಗಿದಳು. "ನಾನೇ! ಮೇನ್ ರೋಡಲ್ಲಿ ಗ್ಯಾಸ್ ಲಾರಿ ಮಗುಚಿತ್ತು. ಪೇಷಂಟ್ ಜೊತೆ ಅಲ್ಲೇ ಕೂತು ಕಡ್ಲೇಕಾಯಿ ತಿಂತಿದ್ರಾ?"

ಅವನು ತಲೆ ಕೆರೆದುಕೊಂಡ. ಆಮೇಲೆ ನಕ್ಕುಬಿಟ್ಟ. ಆ ನಗುವಿಗೆ ನಮ್ಮ ಹಂಸ ಅಲ್ಲೇ ಸೋತಳು!

ವರ್ಷ ಕಳೆದು 2006 ಬಂದರೂ ಮನಸ್ಸಿನ ಮಾತು ಇಬ್ಬರ ಬಾಯಿಂದಲೂ ಹೊರಡಲಿಲ್ಲ. ಅಷ್ಟರಲ್ಲಿ ಪಕ್ಕದ ಕುರ್ಚಿಗೆ ತ್ರಿಷಾ ಬಂದಳು. ಚನ್ನರಾಯಪಟ್ಟಣ ಕಡೆಯ ಜೈನರ ಹುಡುಗಿ. ಚುರುಕು, ಮೇಲಾಗಿ ಚೆಲುವೆ.

"ಥ್ಯಾಂಕ್ಸ್ ತ್ರಿಷಾ ಮೇಡಂ, ದಾರಿ ಚೆಂದಾಗಿ ಹೇಳಿದ್ರಿ!"

ವೈರ್‌ಲೆಸ್ಸಿನಲ್ಲಿ ಗಿರಿಧರನ ಈ ದನಿ ಕೇಳಿದಾಗಲೆಲ್ಲ ಹಂಸಳ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. 'ನನಗೆ ಬರೀ ಆಯ್ತು, ಸರಿ. ಅವಳಿಗೆ ಥ್ಯಾಂಕ್ಸು!'

ಮೊನ್ನೆಯಂತೂ ಶಾಂತಿಗ್ರಾಮದ ಬಸ್‌ಸ್ಟಾಪಿನಲ್ಲಿ ಇಬ್ಬರೂ ಪಿಸುಗುಟ್ಟುತ್ತಾ ನಿಂತಿದ್ದನ್ನು ಬಸ್ಸಿನ ಕಿಟಕಿಯಿಂದ ಕಂಡಳು. ಮನೆಗೆ ಹೋಗಿ ಊಟ ಬಿಟ್ಟು ಮಲಗಿದಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿಯೇ ತಾನೆ?

ಇಂಥ ಹೊತ್ತಿನಲ್ಲೇ ಆಂಬುಲೆನ್ಸ್ ನಡೆಸುವ ಟ್ರಸ್ಟಿನವರ ಸಭೆ ಬಂತು. ಜೀವ ಹೋಗುವ ಗಳಿಗೆಯಲ್ಲಿ ಕರೆ ತೆಗೆದು ಗಾಡಿ ಕಳಿಸುವ ಈ ಹುಡುಗಿಯರು ಹಾಜರಿ ಪುಸ್ತಕದಲ್ಲಿ ಬರೀ 'ಫೋನ್ ಎತ್ತುವವರು'. ಅವರಿಗೆ 'ತುರ್ತು ಕರೆ ನಿರ್ವಾಹಕಿ' ಎಂಬ ಅಧಿಕೃತ ಹುದ್ದೆ ಕೊಡಬೇಕಾದರೆ ಒಬ್ಬೊಬ್ಬರ ಪರವಾಗಿಯೂ ಒಬ್ಬ ಡ್ರೈವರ್ ಎದ್ದು ಸಾಕ್ಷಿ ಹೇಳಬೇಕಿತ್ತು. ಅದಕ್ಕೂ ಮುಂಚೆ ಆ ಹುಡುಗಿ ತನಗೆ ನೆಂಟಳಲ್ಲ ಎಂದು ದೇವರಾಣೆ ಮಾಡುವುದು ಟ್ರಸ್ಟಿನ ಪದ್ಧತಿ.

ಗಿರಿಧರ ಎದ್ದು ನಿಂತ. "ದೇವ್ರಾಣೆ, ತ್ರಿಷಾ ಮೇಡಂ ನಂಗೆ ನೆಂಟ್ರಲ್ಲ ಸಾ. ಮಲ್ಲಿಪಟ್ಟಣದ ಬಸುರಿ ಉಳಿದಿದ್ದು ಅವರಿಂದ್ಲೇಯ."

"ಸರಿಯಪ್ಪ. ಹಂಸ ವಿಷಯ?" ಮೇಲ್ವಿಚಾರಕ ಚಂದ್ರಯ್ಯ ಕೇಳಿದರು.

ಗಿರಿಧರ ತಲೆ ತಗ್ಗಿಸಿದ. "ಅವರ ಬಗ್ಗೆ ನಾ ಹೇಳಾಕಾಗಲ್ಲ ಸಾ..."

ಹಂಸಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲರೆದುರೇ... ಅದೂ ಆ ತ್ರಿಷಾಳ ಎದುರೇ! ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು.

ಗಾಡಿ ನಿಲ್ಲಿಸುವ ಜಾಗದಲ್ಲಿ ಗಿರಿಧರ ಅವಳನ್ನು ಹಿಡಿದ.

"ಹಂಸಾ ಮೇಡಂ, ಒಂದ್ ನಿಮ್ಷ..."

"ಏನೂ ಬೇಡ! ನನ್ನ ಬಗ್ಗೆ ಒಂದೊಳ್ಳೇ ಮಾತಾಡಿದ್ರೆ ನಿಮ್ಮ ನಾಲಿಗೆ ಸವೀತಿತ್ತಾ? ಹೋಗಿ, ಅವಳಿಗೇ ಥ್ಯಾಂಕ್ಸ್ ಹೇಳ್ಕೊಂಡಿರಿ!"

"ನಮ್ಮೋರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?"

ಹಂಸ ತಟಕ್ಕನೆ ನಿಂತಳು. ನಮ್ಮೋರು?

"ಸಾಕ್ಷಿ ಹೇಳ್ಬೇಕಂದ್ರೆ ಮೊದ್ಲು ನೀವು ನಂಗೇನೂ ಆಗ್ಬೇಕಿಲ್ಲ ಅಂತ ಆಣೆ ಮಾಡ್ಬೇಕು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಮದ್ವೆ ಆದ್ರೆ ಇವರನ್ನೇ ಅಂತ ಕಾಯ್ತಿರೋನು ನಾನು. ಆ ಮಾತು ನನ್ನ ಬಾಯಲ್ಲಿ ಎಂಗೆ ಬತ್ತದೆ ಹಂಸಾ?"

ಅವಳ ಕಣ್ಣು ತುಂಬಿಬಂತು. ಎಷ್ಟು ದಿನದ ಉರಿ ಅದು!

ಅಷ್ಟರಲ್ಲಿ ತ್ರಿಷಾ ಓಡಿಬಂದಳು. "ಅಕ್ಕಾ, ನಿಮ್ಮ ಪರವಾಗಿ ಡ್ರೈವರ್ ಬೋರಪ್ಪಣ್ಣ ಸಾಕ್ಷಿ ಹೇಳಿದ್ರು. ಹುದ್ದೆ ಕೊಟ್ರು! ಇನ್ನಾದ್ರೂ ಇವರನ್ನ ಒಪ್ಕೊಳ್ಳಿ. ಹಂಸಾಗೆ ಹೆಂಗೆ ಹೇಳ್ಲಿ ಅಂತ ಶಾಂತಿಗ್ರಾಮದಲ್ಲಿ ನನ್ನ ತಲೆ ತಿಂದ್ಹಾಕಿದ್ರು!"

ಹೇಳಿ ನಗುತ್ತಾ ಒಳಗೆ ಓಡಿದಳು. ಹಂಸ ನಾಚಿಕೆಯಿಂದ ನೆಲ ನೋಡಿದಳು. ಆದರೂ ಕೇಳದಿರಲಾಗಲಿಲ್ಲ.

"ಅವಳ ಹತ್ರ ಅಷ್ಟೊತ್ತು ಮಾತಾಡೋದೇನಿತ್ತು?"

"ತಪ್ಪಾಯ್ತು ಮಾರಾಯ್ತಿ! ಸಂಬಂಧ ಬ್ಯಾಡ ಅಂದ್ರೆ ಹೇಳು, ಈಗ್ಲೇ ಒಳಗೋಗಿ ಆಣೆ ಮಾಡ್ಬತ್ತೀನಿ."

"ಮಾಡಿ ನೋಡಿ... ಕಾಲು ಮುರೀತೀನಿ!"

"ಕಾಲು ಮುರಿದ್ರೆ ಗಾಡಿ ಕಳ್ಸೋರ್ಯಾರು?"

"ನಾನೇ ಕಳಿಸ್ತೀನಿ," ಅವಳು ಅವನ ತೋಳಿಗೆ ಹಣೆ ಒತ್ತಿದಳು. "ಆ ಕರೆ ಮಾತ್ರ ತ್ರಿಷಾಗೆ ಬಿಡಲ್ಲ!"