ಕೂಗದ ಸೈರನ್

ಬೆಳಿಗ್ಗೆ ಆರೂವರೆ. ನದಿ ದಂಡೆಯ ಕೆಳಬೀದಿಯಲ್ಲಿ ಗಡಿಯಾರ ರಿಪೇರಿಯ ಮುದುಕ ತನ್ನ ಕೋಣೆಯಲ್ಲೇ ಮುಳುಗಿ ಸತ್ತಿದ್ದ.

ನೀರು ಇಳಿದಿತ್ತು. ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ. ಬೀದಿಯವರೆಲ್ಲ ಮಹಡಿಯಲ್ಲಿ ಮಲಗುವವರು. ಕಾಲು ಸ್ವಾಧೀನವಿಲ್ಲದ ಮುದುಕ ಮಾತ್ರ ಕೆಳಗೆ.

“ನೆರೆ ಸಾವು ಅಂತ ಬರ್ಕೊಳ್ಲಾ ಮೇಡಂ?” ಪೇದೆ ಕೇಳಿದ.

“ಸೈರನ್ ಯಾಕೆ ಕೂಗ್ಲಿಲ್ಲ?” ಎಂದಳು ಇನ್‌ಸ್ಪೆಕ್ಟರ್.

ಬೀದಿಯ ಕೊನೆಯ ಮನೆ ಅವಳ ಅಕ್ಕನದು. ಅಕ್ಕ ಫೋನ್ ಎತ್ತುತ್ತಿರಲಿಲ್ಲ.

* * *

ಸೇತುವೆಯ ಕಂಬಕ್ಕೆ ಸೆನ್ಸರ್ ಬಿಗಿದಿದ್ದರು. ನೀರು ತಾಗಿದರೆ ಸೈರನ್ ಕೂಗಬೇಕು. ಈಗ ಸೆನ್ಸರ್ ಎರಡಾಳೆತ್ತರ ಮೇಲಿತ್ತು; ರಾತ್ರಿಯ ನೀರು ಅದನ್ನು ಮುಟ್ಟಿರಲಿಲ್ಲ. ಕೆಳಗೆ, ಅದು ಮೊದಲಿದ್ದ ಜಾಗದಲ್ಲಿ, ಬೋಲ್ಟಿನ ತೂತುಗಳ ಸುತ್ತ ಹೊಸ ಗೀರುಗಳಿದ್ದವು.

ನಗರ ಯೋಜನೆಯ ಅಧಿಕಾರಿ ಏದುಸಿರು ಬಿಡುತ್ತ ಬಂದ. ಪೇದೆ ಅವನಿಗೂ ಕೇಳುವಂತೆ ಅವಳಿಗೆ ಹೇಳಿದ: “ಮೊನ್ನೆ ಬೀದಿಯವರ ಸಭೇಲಿ ಇದೇ ಆಸಾಮಿ, ‘ಒಂದು ಹೆಣ ಬಿದ್ರೇನೇ ನಿಮಗೆ ಬುದ್ಧಿ ಬರೋದು’ ಅಂದಿದ್ದ.”

“ಅಂದಿದ್ದೆ,” ಅಧಿಕಾರಿಯ ಮುಖ ಬಿಳಿಚಿತು. “ಸಿಟ್ಟಲ್ಲಿ ಅಂದೆ. ಮಳೆ ಹಳೇ ಲೆಕ್ಕಕ್ಕೆ ಸಿಗ್ತಿಲ್ಲ ಮೇಡಂ. ನದಿಗೆ ಹರಡೋಕೆ ಜಾಗ ಬೇಕು. ಒಂದೇ ವರ್ಷದಲ್ಲಿ ಮೂರು ಸಲ ಸೈರನ್ ಕೂಗಿದ್ರೆ ಈ ಬೀದಿ ತೆರವು ಅಂತ ನಿಯಮ. ಎರಡು ಆಗಿದೆ.”

“ಅಂದ್ರೆ ಸೈರನ್ ಕೂಗಿದ್ರೆ ಲಾಭ ನಿಮಗೆ.”

“ಹೌದು. ನಾನ್ಯಾಕೆ ಅದರ ಬಾಯಿ ಕಟ್ಲಿ?” ಅವನು ಆಕಾಶ ನೋಡಿದ. “ಮಧ್ಯಾಹ್ನ ಇನ್ನೂ ಜೋರು ಮಳೆ ಇದೆ. ಯಾರು ಮಾಡಿದ್ದಂತ ಆಮೇಲೆ ನೋಡಿ. ಮೊದಲು ಜನಾನ ಹೊರಡಿಸಿ.”

ಬೀದಿಯವರು ಜಪ್ಪಯ್ಯ ಅನ್ನಲಿಲ್ಲ. ಸೈರನ್ ಕೂಗಿಲ್ಲವಲ್ಲ ಎಂದರು. ಸೆನ್ಸರ್ ಜರುಗಿಸಿದ್ದು ಸರ್ಕಾರವೇ ಎಂದರು. ಜರುಗಿಸಿದವನು ಸಿಗದೆ ಯಾರೂ ಅಲುಗುವಂತಿರಲಿಲ್ಲ.

* * *

ಮನೆಮನೆಯಲ್ಲೂ ಒಂದೇ ನೋಟ. ನೆನೆದ ಬಟ್ಟೆಬರೆ, ಮಗುಚಿದ ಫ್ರಿಜ್, ಉಬ್ಬಿದ ಅಕ್ಕಿ ಮೂಟೆ. ಸೈರನ್ ಕೂಗಿದ ಮೇಲೇ ಸಾಮಾನು ಎತ್ತುವುದು ಇಲ್ಲಿಯ ರೂಢಿ. ಕೂಗಿದ ಮೇಲೂ ಸಾಕಷ್ಟು ಹೊತ್ತು ಸಿಗುತ್ತಿತ್ತು.

ಕೊನೆಯ ಮನೆಯ ಬಾಗಿಲು ಅಕ್ಕನೇ ತೆರೆದಳು. ಇನ್‌ಸ್ಪೆಕ್ಟರ್‌ಗೆ ಹೋದ ಜೀವ ಬಂದಂತಾಯಿತು.

“ಫೋನ್ ಎತ್ತೋಕೆ ಏನಾಗಿತ್ತೇ ನಿಂಗೆ?”

“ಚಾರ್ಜ್ ಇಲ್ಲ ಕಣೇ, ಕರೆಂಟೇ ಇಲ್ವಲ್ಲ. ನಮ್ಮನೇಲಿ ಒಂದು ಸೂಜೀನೂ ನೆನೆದಿಲ್ಲ ನೋಡು! ನಿಮ್ಮ ಭಾವಂಗೆ ನಿನ್ನೆ ಏನು ಹೊಳೀತೋ, ಹೊಲಿಗೆ ಮಿಷಿನ್ನೆಲ್ಲ ಸಂಜೇನೇ ಮಹಡಿಗೆ ಹೊತ್ರು. ಮೈಗಳ್ಳ ಅಂತಿದ್ಯಲ್ಲ ಅವರನ್ನ?”

ಇನ್‌ಸ್ಪೆಕ್ಟರ್ ನಗಲಿಲ್ಲ. ಭಾವ ಮೆಟ್ಟಿಲ ಮೇಲೆ ನಿಂತಿದ್ದ.

“ಭಾವ, ಸೈರನ್ ಕೂಗದೆ ಬೀದೀಲಿ ಯಾರೂ ಒಂದು ಚೊಂಬೂ ಎತ್ತಿಡ್ಲಿಲ್ಲ. ನೀವು ಎತ್ತಿಟ್ರಿ.”

“ಮಳೆ ಜೋರಿತ್ತು. ಸುಮ್ನೆ...”

“ಮಳೆ ಎಲ್ಲರಿಗೂ ಜೋರೇ ಇತ್ತು. ಅದು ಕೂಗಲ್ಲ ಅಂತ ಗೊತ್ತಿದ್ದೋರು ಒಬ್ರೇ.” ಅವಳು ಒಂದು ಮೆಟ್ಟಿಲು ಹತ್ತಿದಳು. “ಹಿಂದೆ ಎರಡು ಸಲ ಸೈರನ್ ಆದಾಗ್ಲೂ ಮುದುಕನ್ನ ಬೆನ್ನ ಮೇಲೆ ಹೊತ್ಕೊಂಡು ಮೇಲಕ್ಕೆ ತಂದಿದ್ದು ನೀವೇ. ನಿನ್ನೆ ಯಾಕೆ ಹೋಗ್ಲಿಲ್ಲ?”

ಅಕ್ಕ ಗಂಡನತ್ತ ತಿರುಗಿದಳು. “ರೀ?”

ಭಾವ ಅಲ್ಲೇ ಕುಸಿದು ಕೂತ.

“ಹೊತ್ತು ತಂದಿದ್ರೆ ‘ನೆರೆ ಬರುತ್ತೆ ಅಂತ ನಿಂಗೆ ಹೇಗೆ ಗೊತ್ತು’ ಅಂತ ಕೇಳ್ತಿದ್ರು. ಪ್ರತಿ ಸಲಾನೂ ನೀರು ಮೊಣಕಾಲಿಗೇ ನಿಲ್ತಿತ್ತು. ಮಂಚ ಮುಟ್ಟಲ್ಲ ಅಂದ್ಕೊಂಡೆ. ಮಿಷಿನ್‌ಗಾದ್ರೆ ಮೊಣಕಾಲುದ್ದ ನೀರೂ ಸಾಕು, ಕೆಡುತ್ತೆ. ಅದಕ್ಕೇ ಅದನ್ನ ಎತ್ತಿಟ್ಟೆ.” ಮುಖ ಮುಚ್ಚಿಕೊಂಡ. “ಮೂರನೇ ಸಲ ಸೈರನ್ ಕೂಗಿ ಹೊಲಿಗೆ ಅಂಗಡಿ ಹೋದ್ರೆ ನಾವು ಎಲ್ಲಿಗೆ ಹೋಗೋದು ಹೇಳು?”

ಇನ್‌ಸ್ಪೆಕ್ಟರ್ ಅವನ ತೋಳು ಹಿಡಿದು ಎಬ್ಬಿಸಿದಳು.

ಅವಳು ಅವನನ್ನು ಬೀದಿಗೆ ಕರೆತಂದಳು. ಸೆನ್ಸರ್ ಜರುಗಿಸಿದ್ದು ತಾನೇ ಎಂದು ಅವನು ಎಲ್ಲರೆದುರು ಗಟ್ಟಿಯಾಗಿ ಹೇಳಿದ. ಸೈರನ್ ಕೂಗಿಲ್ಲವೆಂದು ನಂಬಿ ಕೂತಿದ್ದವರೆಲ್ಲ ಒಮ್ಮೆಲೇ ಒಳಗೋಡಿದರು, ಮಕ್ಕಳನ್ನು ಕರೆಯಲು.

ಮಧ್ಯಾಹ್ನ ಮಳೆ ಶುರುವಾದಾಗ ಕೆಳಬೀದಿಯ ಯಾವ ಮನೆಯಲ್ಲೂ ಜನರಿರಲಿಲ್ಲ. ಅಕ್ಕ ಕೊನೆಯ ಲಾರಿಯಲ್ಲಿ ಹೋದಳು. ಮಿಷಿನ್‌ಗಳನ್ನು ಅವಳು ಮಹಡಿಯಲ್ಲೇ ಬಿಟ್ಟಿದ್ದಳು.