ಎರಡು ಸೆಂಟಿಮೀಟರ್ ಕಡಿಮೆ

2025ರ ಆಗಸ್ಟ್ 9, ಶನಿವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ.

"ಮೇಡಂ, ಶೂ ಬಿಚ್ಚಿಸಿ ನಿಲ್ಲಿಸ್ಬೇಕು!"

ಹಿಂದಿನಿಂದ ಬಂದ ಗಂಡಸಿನ ದನಿಗೆ ರಾಗಿಣಿ ಥಟ್ಟನೆ ತಿರುಗಿದಳು.

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿರುವ ಆ ಪಾರ್ಕಿನ ಪುಟಾಣಿ ರೈಲಿನ ಮುಂದೆ ಉದ್ದನೆಯ ಸಾಲು. ಗೇಟಿನ ಬಳಿ ಜಿರಾಫೆಯ ಚಿತ್ರವಿದ್ದ ಅಳತೆಯ ಹಲಗೆ. ಅದರ ಮೇಲೆ ತೊಂಬತ್ತು ಸೆಂಟಿಮೀಟರಿನ ಕೆಂಪು ಗೆರೆ. ಎರಡೂವರೆ ವರ್ಷದ ತನ್ಮಯಿಯ ನೆತ್ತಿ ಸರಿಯಾಗಿ ಆ ಗೆರೆಗೆ ತಾಗಿತ್ತು. ಗೇಟಿನವನು ಇನ್ನೇನು "ಹೋಗಿ" ಎನ್ನುವುದರಲ್ಲಿದ್ದ.

"ನೀವ್ಯಾರ್ರೀ ಅದನ್ನ ಹೇಳೋಕೆ?"

ಹೇಳಿದವನು ಕನ್ನಡಕದ, ತೆಳ್ಳಗಿನ ಯುವಕ. ಅವನ ಕೈ ಹಿಡಿದು ನಾಲ್ಕರ ಆಸುಪಾಸಿನ ಒಬ್ಬ ಹುಡುಗ. "ಅದೂ… ಸೋಲ್ ದಪ್ಪ ಇದೆ, ಅದಕ್ಕೆ…" ಎಂದು ತಡವರಿಸಿದ.

ಗೇಟಿನವನು ಶೂ ಬಿಚ್ಚಿಸಿಯೇಬಿಟ್ಟ. ಎಂಬತ್ತೆಂಟು!

"ಎರಡು ಸೆಂಟಿಮೀಟರ್ ಕಡಿಮೆ ಇದೆ ಮೇಡಂ. ಆಗಲ್ಲ."

"ಅಮ್ಮಾ… ಚುಕುಬುಕು…" ತನ್ಮಯಿಯ ಕೆಳತುಟಿ ನಡುಗಿತು. ಮರುಕ್ಷಣವೇ ಇಡೀ ಸಾಲು ತಿರುಗಿ ನೋಡುವಂತಹ ಅಳು.

ಸಿಟ್ಟಿಗಿಂತ ಹೆಚ್ಚಾಗಿ ರಾಗಿಣಿಗೆ ನಾಚಿಕೆಯಾಗಿತ್ತು. ಏಕೆಂದರೆ ಆತ ಹೇಳಿದ್ದು ನಿಜ. ತೊಂಬತ್ತರ ನಿಯಮವನ್ನು ಮೊದಲೇ ಓದಿಕೊಂಡು, ಬೇಕೆಂದೇ ಆ ದಪ್ಪ ಅಡಿಯ ಶೂ ಹಾಕಿಸಿದ್ದಳು. ವಾರವಿಡೀ ಮಗಳಿಗೆ "ಶನಿವಾರ ಚುಕುಬುಕು" ಎಂದು ಆಸೆ ಹುಟ್ಟಿಸಿದ್ದವಳು ಅವಳೇ ಅಲ್ಲವೇ?

ಮಗುವನ್ನು ಎತ್ತಿಕೊಂಡು ಹಿಂದಿರುಗಿ ನೋಡದೆ ನಡೆದಳು.

*

ಮಧ್ಯಾಹ್ನ, ಹೊಂಗೆ ಮರದ ಕೆಳಗಿನ ಬೆಂಚು.

ಒಬ್ಬಳೇ ಮಗುವನ್ನು ಕರೆದುಕೊಂಡು ಹೊರಟರೆ ಎರಡು ಕೈ ಸಾಲುವುದಿಲ್ಲ ಎಂಬುದು ರಾಗಿಣಿಗೆ ಹೊಸದಲ್ಲ. ಆದರೆ ಇಷ್ಟೊಂದು ಸಾಲುವುದಿಲ್ಲ ಎಂದು ಇವತ್ತೇ ತಿಳಿದದ್ದು. ಒಂದು ಕಂಕುಳಲ್ಲಿ ಅತ್ತು ಸುಸ್ತಾದ ಮಗು, ಭುಜದಲ್ಲಿ ಬ್ಯಾಗು, ಉಳಿದ ಒಂದೇ ಕೈಯಲ್ಲಿ ಮೊಸರನ್ನದ ಡಬ್ಬಿ. ಮುಚ್ಚಳ ಬಿಡುತ್ತಿಲ್ಲ. ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಾಗ ನೆರಳೊಂದು ಬಿತ್ತು.

"ಕೊಡಿ, ನಾನು ತೆಗೀತೀನಿ."

ಅವನೇ!

"ಬೇಡ. ಇದಕ್ಕೂ ಏನಾದ್ರೂ ನಿಯಮ ಇರುತ್ತೆ."

ಅವನ ಜೊತೆಗಿದ್ದ ಹುಡುಗ ಮೆಲ್ಲಗೆ ಕೇಳಿದ, "ಮಾಮ, ಈ ಆಂಟಿ ಹೊಡೀತಾರಾ?"

"ಹೊಡೆದ್ರೂ ಹೊಡೀಬಹುದು ಕಣೋ ಧ್ರುವ. ನೀನು ಸ್ವಲ್ಪ ಹಿಂದೆ ನಿಂತ್ಕೋ."

ರಾಗಿಣಿಗೆ ನಗು ಬಂತು. ತಡೆದುಕೊಂಡಳು.

"ನಾನು ಶ್ರೀಶ. ಲಿಫ್ಟ್ ಕಂಪನೀಲಿ ಸೇಫ್ಟಿ ನೋಡ್ಕೊಳ್ಳೋದು. ಆ ರೈಲಿನ ಅಡ್ಡಕಂಬಿ ಇದ್ಯಲ್ಲ, ಸ್ವಲ್ಪ ಚಿಕ್ಕ ಮಗು ಆದ್ರೂ ಕೆಳಗಿಂದ ಜಾರಿಬಿಡುತ್ತೆ. ನೋಡಿದ ತಕ್ಷಣ ಬಾಯಿಗೆ ಬಂದ್ಬಿಡ್ತು."

"ಹತ್ತಿರ ಬಂದು ಮೆಲ್ಲಗೆ ಹೇಳ್ಬಹುದಿತ್ತಲ್ವಾ? ಅಷ್ಟು ಜನದ ಮುಂದೆ…"

"ಹೇಳ್ಬಹುದಿತ್ತು." ಆತ ತಲೆ ತಗ್ಗಿಸಿದ. "ಹೊಳೀಲಿಲ್ಲ. ತಪ್ಪಾಯ್ತು."

ವಾದ ಮಾಡದೆ ತಪ್ಪಾಯ್ತು ಎನ್ನುವ ಗಂಡಸು! "ನಾನು ರಾಗಿಣಿ," ಎಂದು ಡಬ್ಬಿಯನ್ನು ಅವನ ಕೈಗೆ ಕೊಟ್ಟಳು.

ಊಟವಾಗುವ ಹೊತ್ತಿಗೆ ಧ್ರುವನೂ ತನ್ಮಯಿಯೂ ಹೊಂಗೆ ಎಲೆಗಳಿಗಾಗಿ ಜಗಳವಾಡಿ ರಾಜಿಯಾಗಿದ್ದರು. ಧ್ರುವ ಶ್ರೀಶನ ಅಕ್ಕನ ಮಗ. ಅಕ್ಕ ಬಾಣಂತಿ, ಮನೆಯಲ್ಲಿ ಇವನ ಗಲಾಟೆ ತಡೆಯಲಾರದೆ ತಮ್ಮನ ಜೊತೆ ಕಳಿಸಿದ್ದಳು.

"ಜೈಂಟ್ ವೀಲ್ ಹತ್ತಿದ್ರಾ?" ಶ್ರೀಶ ಕೇಳಿದ.

"ಇವಳನ್ನ ಯಾರ ಹತ್ರ ಬಿಟ್ಟು ಹತ್ತಲಿ?" ಎಂದವಳ ಕಣ್ಣು ತನಗೇ ಗೊತ್ತಿಲ್ಲದಂತೆ ಆ ದೊಡ್ಡ ಚಕ್ರದತ್ತ ಹೊರಳಿತು.

"ನಾನು ಕೆಳಗೆ ನೋಡ್ಕೋತೀನಿ. ನಂಬಿಕೆ ಇಲ್ದೇ ಇದ್ರೆ…" ಆತ ಧ್ರುವನನ್ನು ಮುಂದೆ ತಳ್ಳಿದ. "ಇವನನ್ನ ಜಾಮೀನು ಇಟ್ಕೊಳ್ಳಿ. ಜೊತೇಲಿ ಕರ್ಕೊಂಡು ಹೋಗಿ. ಇವನಿಲ್ದೇ ಮನೆಗೆ ಹೋದ್ರೆ ನಮ್ಮಕ್ಕ ನನ್ನ ಸಾಯಿಸ್ತಾಳೆ."

"ಎಲ್ಲಿ ನಿಂತಿರ್ತೀರಾ?"

"ಆ ಟಿಕೆಟ್ ಗೂಡಿನ ಮುಂದೆ, ಬಿಸಿಲಲ್ಲಿ. ನೆರಳಿಗೆ ಹೋದ್ರೆ ಮೇಲಿಂದ ಕಾಣಲ್ಲ."

ಹೆಜ್ಜೆ ಹೆಜ್ಜೆಗೂ ಹಿಂತಿರುಗಿ ನೋಡುತ್ತ ರಾಗಿಣಿ ಧ್ರುವನೊಂದಿಗೆ ಚಕ್ರದ ತೊಟ್ಟಿಲು ಹತ್ತಿದಳು.

ಚಕ್ರ ಮೇಲೇರಿತು. ಮೊದಲ ಸುತ್ತಿನಲ್ಲಿ ಅವಳು ಊರು ನೋಡಲಿಲ್ಲ, ಕೆರೆ ನೋಡಲಿಲ್ಲ. ಕೆಳಗಿನ ಆ ಒಂದು ಚುಕ್ಕೆಯನ್ನೇ ನೋಡಿದಳು. ಅವನ ಹೆಗಲ ಮೇಲೆ ಹಳದಿ ಟೋಪಿಯ ತನ್ಮಯಿ. ಎರಡನೆಯ ಸುತ್ತಿಗೂ ಅಲ್ಲೇ. ಮೂರನೆಯದಕ್ಕೂ ಅಲ್ಲೇ. ಸುಡುವ ಬಿಸಿಲಿನಲ್ಲಿ ಒಂದಿಂಚೂ ಕದಲದೆ ನಿಂತಿದ್ದ.

ಆಗ ಅವಳ ಗಮನಕ್ಕೆ ಬಂತು. ತನ್ನ ಎರಡೂ ಕೈಗಳು ಖಾಲಿ ಇವೆ!

ಗಾಳಿಯಲ್ಲಿ ಕೈ ಚಾಚಿ ರಾಗಿಣಿ ಜೋರಾಗಿ ನಕ್ಕಳು. ಕಣ್ಣಲ್ಲಿ ನೀರಿತ್ತು.

"ಆಂಟಿ, ಭಯಾನಾ?" ಧ್ರುವ ಅವಳ ತೋಳು ಹಿಡಿದ. "ನಾನಿದೀನಿ."

*

ಇಳಿದಾಗ ಶ್ರೀಶನ ಮುಖ ಕೆಂಪಾಗಿ ಬೆವರಿಳಿಯುತ್ತಿತ್ತು. ತನ್ಮಯಿ ಅವನ ಕೂದಲು ಹಿಡಿದು ಕುದುರೆಯಾಡಿಸುತ್ತಿದ್ದಳು.

"ಮಕ್ಕಳು ತಿಂಗಳಿಗೆ ಏಳೆಂಟು ಮಿಲಿಮೀಟರ್ ಬೆಳೀತಾರೆ," ಎಂದ. "ಮೂರು ತಿಂಗಳಲ್ಲಿ ಇವಳು ತೊಂಬತ್ತಾಗ್ತಾಳೆ. ನವೆಂಬರ್ ಎಂಟು ಇವನ ಹುಟ್ಟುಹಬ್ಬ, ಮತ್ತೆ ಇಲ್ಲಿಗೇ ಬರ್ಬೇಕಂತೆ. ನೀವೂ ಬಂದ್ರೆ…" ಅವನ ನೋಟ ಅವಳ ಕೊರಳ ಕರಿಮಣಿಯ ಮೇಲೆ ಬಿತ್ತು. ದನಿ ತಗ್ಗಿತು. "ನಿಮ್ಮ ಯಜಮಾನ್ರು… ಇವತ್ತು ಬರ್ಲಿಲ್ವಾ?"

"ಮಸ್ಕತ್‌ನಲ್ಲಿದಾರೆ."

ಯೋಚಿಸುವ ಮೊದಲೇ ಮಾತು ಹೊರಬಿದ್ದಿತ್ತು. ಅಭ್ಯಾಸ… ಎರಡು ವರ್ಷದ ಅಭ್ಯಾಸ!

ಮದುವೆ ಮುರಿದಾಗ ತನ್ಮಯಿ ಐದು ತಿಂಗಳ ಕೂಸು. ಒಂಟಿ ಹೆಂಗಸು ಎಂದ ಕೂಡಲೇ ನಾಗರಬಾವಿಯಲ್ಲಿ ಬಾಡಿಗೆಯ ಮನೆಗಳ ಬಾಗಿಲು ಮುಚ್ಚಿಕೊಂಡಿದ್ದವು. ಕೊನೆಗೆ ಪೆಟ್ಟಿಗೆಯಲ್ಲಿಟ್ಟಿದ್ದ ಕರಿಮಣಿಯನ್ನು ಮತ್ತೆ ಧರಿಸಿ, ಪ್ರಭಾ ಆಂಟಿಯ ಮಹಡಿ ಮನೆ ಕೇಳಲು ಹೋದಳು. ಗಂಡ ಮಸ್ಕತ್‌ನಲ್ಲಿದ್ದಾನೆ ಎಂದಳು. ಕೀಲಿ ಸಿಕ್ಕಿತು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ, ಪ್ರಯೋಗದಲ್ಲಿ ಒಂದು ಹನಿ ಲೆಕ್ಕ ತಪ್ಪಿದರೂ ವಿದ್ಯಾರ್ಥಿಗಳನ್ನು ಗದರುವ ರಾಗಿಣಿ, ಮನೆಯಲ್ಲಿ ಮಾತ್ರ ಇಲ್ಲದ ಗಂಡನನ್ನು ಸಾಕುತ್ತಿದ್ದಳು.

"ಓ… ಹೌದಾ," ಎಂದ ಶ್ರೀಶ. ತನ್ಮಯಿಯನ್ನು ಮೆಲ್ಲಗೆ ಇಳಿಸಿ ಅವಳ ಕೈಗಿತ್ತು, ಒಂದು ಹೆಜ್ಜೆ ಹಿಂದೆ ಸರಿದ. "ಹುಷಾರಾಗಿ ಹೋಗ್ಬನ್ನಿ ಮೇಡಂ."

ಫೋನ್ ನಂಬರ್ ಕೇಳಲಿಲ್ಲ. ಅಂಥವನು ಕೇಳುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

*

ಆ ಒಂದು ಹೆಜ್ಜೆ… ಅದೇ ರಾಗಿಣಿಯನ್ನು ಕಾಡಿತು. ತರಗತಿಯಲ್ಲಿ, ಅಡುಗೆಮನೆಯಲ್ಲಿ, ಮಗಳಿಗೆ ಜಡೆ ಹಾಕುವಾಗ.

ನಿಜ ಹೇಳಬೇಕೆಂದರೆ ಮೊದಲು ಪ್ರಭಾ ಆಂಟಿಗೇ ಹೇಳಬೇಕು. ಕರಿಮಣಿ ಬಿಚ್ಚಿ ಮೆಟ್ಟಿಲಿಳಿದರೆ ಮೊದಲು ಕಾಣುವುದು ಅವರಿಗೇ. ಮನೆ ಹೋದರೆ? ಮಗುವನ್ನು ಕಟ್ಟಿಕೊಂಡು ಮತ್ತೆ ಬೀದಿ ಬೀದಿ ಅಲೆಯುವುದೇ? ಹೆದರಿಕೆಯಲ್ಲೇ ದಿನಗಳು ಜಾರಿದವು.

ನವೆಂಬರ್ ಮೊದಲ ವಾರದ ಒಂದು ಸಂಜೆ, ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪ್ರಭಾ ಎಂದಿನಂತೆ ಕೇಳಿದರು, "ನಿಮ್ಮೆಜಮಾನ್ರು ಈ ಸಲನಾದ್ರೂ ಬರ್ತಾರೇನಮ್ಮ?"

"ಬರಲ್ಲ ಆಂಟಿ." ರಾಗಿಣಿ ಮೆಟ್ಟಿಲ ಬಳಿಯೇ ನಿಂತಳು. "ಯಾವತ್ತೂ ಬರಲ್ಲ. ನಮಗೆ ಡೈವೋರ್ಸ್ ಆಗಿದೆ. ನಿಮಗೆ ಸುಳ್ಳು ಹೇಳ್ದೆ. ಮನೆ ಖಾಲಿ ಮಾಡು ಅಂದ್ರೆ… ಮಾಡ್ತೀನಿ."

ಪ್ರಭಾ ಒಂದು ಕಾಯಿ ಸುಲಿದರು. ಇನ್ನೊಂದು ಸುಲಿದರು.

"ಗೊತ್ತಿತ್ತು ಕಣೇ."

"ಆಂಟಿ?!"

"ಎರಡು ವರ್ಷದಲ್ಲಿ ಒಂದ್ ದಿನ ಆ ಮಗು ಫೋನಲ್ಲಿ ಅಪ್ಪಾ ಅಂದಿದ್ದು ಕೇಳ್ಲಿಲ್ಲ. ನಾನೇನು ಕಿವುಡೀನಾ? ಅಕ್ಕಪಕ್ಕದೋರು ಕೇಳ್ದಾಗ ಮಸ್ಕತ್ತು ಅಂತ ನಾನೂ ಹೇಳ್ಕೊಂಡು ಬಂದಿದೀನಿ. ನೀನಾಗೇ ಹೇಳ್ತೀಯೇನೋ ಅಂತ ಕೇಳ್ತಾನೇ ಇದ್ದೆ. ಬಾ, ಕೂತ್ಕೋ, ಈ ಅವರೆಕಾಯಿ ಸುಲಿ."

ರಾಗಿಣಿ ಅವರ ಮಡಿಲಲ್ಲಿ ಮುಖವಿಟ್ಟು ಅತ್ತಳು.

*

ನವೆಂಬರ್ ಎಂಟು. ರೈಲಿನ ಗೇಟಿನ ಪಕ್ಕ ತನ್ಮಯಿಯ ಕೈ ಹಿಡಿದು ರಾಗಿಣಿ ಕಾದು ನಿಂತಿದ್ದಳು. ಸಾಲು ಬಂತು, ಹೋಯಿತು. ಮಕ್ಕಳು ಹತ್ತಿದರು, ಇಳಿದರು. ಬರುವುದಿಲ್ಲವೇನೋ… ಯಾಕಾದರೂ ಬಂದಾನು?

"ಆಂಟೀ! ನಂಗೆ ನಾಲ್ಕು ವರ್ಷ ಆಯ್ತು!"

ಧ್ರುವ ಓಡಿಬಂದ. ಅವನ ಹಿಂದೆ ಶ್ರೀಶ. ರಾಗಿಣಿಯನ್ನು ಕಂಡು ಅವನ ಮುಖ ಅರಳಿತು. ಮರುಕ್ಷಣವೇ ಕಣ್ಣು ಅಕ್ಕಪಕ್ಕ ಯಾರನ್ನೋ ಹುಡುಕಿತು.

"ಅವರು… ಬಂದಿದಾರಾ?"

"ಮಸ್ಕತ್‌ನಲ್ಲಿ ಯಾರೂ ಇಲ್ಲ ಶ್ರೀಶ."

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಅವನು ಅವಳ ಬರಿ ಕೊರಳನ್ನು ಆಗ ಗಮನಿಸಿದ.

"ಸುಳ್ಳು ಹೇಳಿದ್ದಕ್ಕೆ ಸಿಟ್ಟಾ?"

"ಸಿಟ್ಟಿತ್ತು… ನನ್ನ ಮೇಲೆ." ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ಇದ್ದ. "ಆವತ್ತು ನೀವು ಮೇಲೆ ಕೈ ಬಿಟ್ಟು ನಗ್ತಾ ಇದ್ರಲ್ಲ… ಇವರು ಹೀಗೇ ನಗ್ತಾ ಇರ್ಬೇಕು, ನಾನು ಕೆಳಗೆ ಹೀಗೇ ನಿಂತಿರ್ಬೇಕು ಅನ್ನಿಸಿಬಿಡ್ತು. ಮದುವೆಯಾದೋರ ಬಗ್ಗೆ ಹೀಗೆ ಅಂದ್ಕೋಬಾರ್ದು ಅಂತ ಮೂರು ತಿಂಗಳು ನನಗೆ ನಾನೇ ಬೈಕೊಂಡೆ."

"ಈಗ?"

"ಈಗ ಬೈಕೊಳ್ಳಲ್ಲ." ಕನ್ನಡಕ ಹಾಕಿಕೊಂಡ. "ನಿಂತಿರ್ಲಾ ರಾಗಿಣಿ?"

"ಬೇಡ," ಎಂದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ಬಿಸಿಲಲ್ಲಿ ನಿಂತಿದ್ದು ಸಾಕು. ಇನ್ಮೇಲೆ ಪಕ್ಕದಲ್ಲೇ ಕೂತ್ಕೊಳ್ಳಿ. ರೈಲಿನ ಒಂದು ಬೋಗೀಲಿ ನಾಲ್ಕು ಜನಕ್ಕೆ ಜಾಗ ಇದೆ, ಆಗ್ಲೇ ನೋಡ್ಕೊಂಡಿದೀನಿ."

"ಮೊದ್ಲು ನಿಯಮ ಮೇಡಂ."

"ಗೊತ್ತು ಸಾರ್."

ರಾಗಿಣಿ ಮಂಡಿಯೂರಿ, ತನ್ನ ಕೈಯಾರೆ ಮಗಳ ಶೂ ಬಿಚ್ಚಿ, ಜಿರಾಫೆಯ ಮುಂದೆ ನೆಟ್ಟಗೆ ನಿಲ್ಲಿಸಿದಳು. ಶ್ರೀಶ ಬಗ್ಗಿ, ತನ್ಮಯಿಯ ನೆತ್ತಿಯ ಮೇಲೆ ಅಂಗೈ ಸಮನಾಗಿಟ್ಟು ಗೆರೆಯನ್ನು ಓದಿದ.

ತೊಂಬತ್ತು ಸೆಂಟಿಮೀಟರ್, ನಾಲ್ಕು ಮಿಲಿಮೀಟರ್.