ಹಸಿರು ಬಳಿದ ನೆಲದ ಆಣೆ

“ಬೇರೆ ಯಾರ ಅರ್ಜಿ ಮೇಲೆ ಏನು ಬೇಕಾದ್ರೂ ಬರೀರಿ ಮಾರಾಯ್ರೆ. ಗುಣವತಿಯಮ್ಮನ ಅರ್ಜಿ ಮೇಲೆ ಮಾತ್ರ ‘ನಷ್ಟ ಇಲ್ಲ’ ಅಂತ ಬರೀಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೇನೆ.”

ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಕೃಷ್ಣರಾಜ ಇದನ್ನು ಹೇಳುವಾಗ ದನಿ ತಗ್ಗಿಸಿದ್ದ. ತಿರುಮಲೇಶನಿಗೆ ನಗು ಬಂತು. ಬಾಯಿ ತುಂಬ ಇಡ್ಲಿ ಇದ್ದದ್ದರಿಂದ ಮೂಗಿನಲ್ಲೇ ನಕ್ಕ.

ಮೈಸೂರಿನಿಂದ ಮದರಾಸಿಗೆ ಬಂದು ಅವನಿಗೆ ಆರು ತಿಂಗಳಾಗಿತ್ತು. ಅದು ಎಪ್ಪತ್ತೆಂಟನೇ ಇಸವಿ. ಊರು ಹೇಗೆ ಬೆಳೆಯಬೇಕೆಂದು ತೀರ್ಮಾನಿಸುವ ಒಂದು ಕಚೇರಿಯಲ್ಲಿ ಅವನು ಬೆಲೆ ಕಟ್ಟುವ ಅಧಿಕಾರಿ. ಆ ಕಚೇರಿಯ ಗೋಡೆಯ ಮೇಲೆ ಇಡೀ ಊರಿನ ನಕ್ಷೆ ತೂಗುಹಾಕಿದ್ದರು. ಮನೆ ಕಟ್ಟಬಹುದಾದ ಜಾಗಕ್ಕೆ ಹಳದಿ ಬಣ್ಣ, ಕಾರ್ಖಾನೆಗೆ ನೇರಳೆ, ಖಾಲಿ ಬಿಡಬೇಕಾದ ಬಯಲಿಗೆ ಹಸಿರು. ನಿಮ್ಮ ನಿವೇಶನಕ್ಕೆ ಹಸಿರು ಬಿತ್ತು ಅಂದರೆ ಮುಗಿಯಿತು. ನೆಲ ನಿಮ್ಮದೇ, ಪತ್ರ ನಿಮ್ಮ ಹೆಸರಿನಲ್ಲೇ, ಕಂದಾಯವೂ ನೀವೇ ಕಟ್ಟಬೇಕು. ಆದರೆ ಒಂದು ಇಟ್ಟಿಗೆ ಇಡುವ ಹಾಗಿಲ್ಲ. ಹೀಗೆ ಬೆಲೆ ಬಿದ್ದುಹೋದವರು ಪರಿಹಾರ ಕೇಳಿ ಅರ್ಜಿ ಹಾಕುತ್ತಿದ್ದರು. ನಷ್ಟ ಆಗಿದೆಯೋ ಇಲ್ಲವೋ ಎಂದು ತಿರುಮಲೇಶ ಬರೆಯಬೇಕು.

“ಬರೆದ್ರೆ ಏನಾಗುತ್ತೆ ಕೃಷ್ಣರಾಜ್? ಆಯಮ್ಮ ನಿಂಬೆಹಣ್ಣು ಮಂತ್ರಿಸಿ ಎಸೀತಾರಾ?”

“ನಿಂಬೆಹಣ್ಣಲ್ಲ. ಆಣೆ ಇಡ್ತಾರೆ.” ಕೃಷ್ಣರಾಜ ಸುತ್ತ ನೋಡಿದ. “ನಮ್ಮ ಕಡೆ ಜಗಳದ ಮರಕ್ಕೆ ಆಣೆ ಇಡೋದುಂಟು. ಮರ ಅಲ್ಲೇ ಇರ್ತದೆ, ಹಣ್ಣೂ ಬಿಡ್ತದೆ. ಮುಟ್ಟುವ ಹಾಗಿಲ್ಲ. ಇಟ್ಟವರೇ ಬಿಡಿಸ್ಬೇಕು. ಆಯಮ್ಮನ ತಾಯಿ ಇಟ್ಟ ಆಣೆಯನ್ನ ನಾನು ಕಣ್ಣಾರೆ ನೋಡಿದವ.”

“ಏನಾಯ್ತು?”

ಕೃಷ್ಣರಾಜ ಒಣಗಿದ್ದ ಮೇಜನ್ನೇ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದ.

“ಹಾಗಾದ್ರೆ ಆಯಮ್ಮನಿಗೆ ನಮ್ಮ ಆಫೀಸಿನಲ್ಲೇ ಒಂದು ಕೆಲಸ ಕೊಡಿಸಬಹುದು ಕಣ್ರೀ,” ಅಂದ ತಿರುಮಲೇಶ, ಕೈ ತೊಳೆಯಲು ಏಳುತ್ತ. “ನಾವು ಬಣ್ಣ ಬಳಿದು ಮಾಡೋದನ್ನ ಅವರು ಬಾಯಲ್ಲೇ ಮಾಡ್ತಾರೆ. ಎಷ್ಟು ಬಣ್ಣ ಉಳಿಯುತ್ತೆ!”

ಗುಣವತಿಯ ಗಂಡ ಶಂಕರನಾರಾಯಣ ಇದೇ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ದೋಸೆಕಾವಲಿಯ ಮುಂದೆ ನಿಂತವನು. ಆ ಶಾಖದಲ್ಲಿ ಅವನ ಎದೆಯ ರೋಮವೆಲ್ಲ ಸುಟ್ಟು ಹೋಗಿತ್ತಂತೆ. ಕೂಡಿಟ್ಟದ್ದನ್ನೆಲ್ಲ ಸುರಿದು ಕೋಯಂಬೇಡಿನ ಗದ್ದೆಬಯಲಿನ ಅಂಚಿನಲ್ಲಿ ಹೆಂಡತಿಯ ಹೆಸರಿಗೆ ಒಂದು ಗ್ರೌಂಡು, ಅಂದರೆ ನಲವತ್ತು ಅಡಿಗೆ ಅರವತ್ತರಷ್ಟು ಜಾಗ ಕೊಂಡಿದ್ದ. ಎರಡು ಕೋಣೆ, ಒಂದು ಜಗಲಿ, ಅಷ್ಟೇ ಆಸೆ. ಅಷ್ಟರಲ್ಲಿ ಆ ಜಾಗಕ್ಕೆ ಹಸಿರು ಬಿತ್ತು. ಅವನಿಗೂ ಲಕ್ವ ಹೊಡೆದು ಮೈಯ ಒಂದು ಪಾರ್ಶ್ವ ಬಿದ್ದುಹೋಗಿ, ಹೋಟೆಲಿನ ಹಿಂದಿನ ಉಗ್ರಾಣದಲ್ಲಿ ಮೂಟೆಗಳ ನಡುವೆ ಮಲಗಿದ. ದೀಪಾವಳಿಯ ಒಳಗೆ ಉಗ್ರಾಣ ಖಾಲಿ ಮಾಡಬೇಕೆಂದು ಹೋಟೆಲಿನ ಧಣಿ ಹೇಳಿಯಾಗಿತ್ತು.

ಗುಣವತಿ ಕಚೇರಿಗೆ ಬಂದದ್ದು ಒಂದು ಮಧ್ಯಾಹ್ನ. ಸಣ್ಣ ಮೈಯ ಹೆಂಗಸು. ಸೀರೆಯಿಂದ ಹೊಗೆ ಮತ್ತು ಉದ್ದಿನ ಹಿಟ್ಟಿನ ವಾಸನೆ. ಕೂರಲು ಹೇಳಿದರೂ ಕೂರಲಿಲ್ಲ.

“ಕಟ್ಲಿಕ್ಕೆ ಬಿಡಿ ಸ್ವಾಮಿ. ಇಲ್ಲಾದ್ರೆ ಅದರ ಬೆಲೆ ಕೊಡಿ, ಬೇರೆ ಕಡೆ ಕಟ್ಕೊಳ್ತೇವೆ. ಅವರು ಸ್ವಂತ ಸೂರಿನ ಅಡಿಯಲ್ಲಿ ಕಣ್ಣು ಮುಚ್ಚಲಿ. ಅಷ್ಟೇ ನಂಗೆ ಬೇಕಾದ್ದು.”

“ನಿಮ್ಮ ನೆಲವನ್ನ ಯಾರೂ ತಗೊಂಡಿಲ್ಲವಲ್ಲಮ್ಮ,” ಅಂದ ತಿರುಮಲೇಶ. ಕೆಟ್ಟವನೇನಲ್ಲ ಅವನು. ಮೂವತ್ತು ಅರ್ಜಿ ನೋಡಿ ದಣಿದಿದ್ದ, ಹಾಸ್ಯ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. “ಅದು ಎಲ್ಲಿಗೂ ಓಡಿಹೋಗಿಲ್ಲ. ಅಲ್ಲೇ ಇದೆ. ಗಾಳಿ ಚೆನ್ನಾಗಿದೆ. ದಿನಾ ಹೋಗಿ ಕಣ್ತುಂಬ ನೋಡ್ಕೊಂಡು ಬನ್ನಿ.”

ಪಕ್ಕದ ಮೇಜಿನವರು ನಕ್ಕರು. ಗುಣವತಿ ನಗಲಿಲ್ಲ, ಅಳಲೂ ಇಲ್ಲ. ಅವನು ಬರೆದದ್ದು ಮೂರೇ ಸಾಲು: ಸ್ವತ್ತು ಅರ್ಜಿದಾರರ ಬಳಿಯೇ ಇದೆ, ಉಪಯೋಗಕ್ಕೆ ಮಾತ್ರ ನಿರ್ಬಂಧ, ಆದ್ದರಿಂದ ನಷ್ಟವಿಲ್ಲ.

ದೀಪಾವಳಿಗೆ ನಾಲ್ಕು ದಿನ ಮುಂಚೆ ಉಗ್ರಾಣ ಖಾಲಿಯಾಯಿತು. ಶಂಕರನಾರಾಯಣನನ್ನು ಹಿತ್ತಲ ಬೆಂಚಿನ ಮೇಲೆ ಮಲಗಿಸಿ ಗುಣವತಿ ಕೈಗಾಡಿ ತರಲು ಹೋಗಿದ್ದಳು. ಅವಳು ಬರುವಷ್ಟರಲ್ಲಿ ಮಳೆ ಬಂದು ಹೋಗಿತ್ತು. ಅವನೂ ಹೋಗಿದ್ದ.

ಹದಿನಾಲ್ಕನೆಯ ದಿನದ ಸಂಜೆ, ತಿರುಮಲೇಶನ ಅಣ್ಣಾ ನಗರ್ ಮನೆಯ ಬಾಗಿಲಿಗೆ ಅವಳು ಬಂದಳು. ಆಕಾಶ ಕಪ್ಪುಗಟ್ಟಿತ್ತು. ನಾಲ್ಕು ವರ್ಷದ ಮಗಳು ತುಂಗಾ ಹೊಸ್ತಿಲ ಮೇಲೆ ಕೂತು ಕಾಗದದ ದೋಣಿ ಮಡಚುತ್ತಿದ್ದಳು.

“ಈ ಮಗು ಯಾರದ್ದು ಸ್ವಾಮಿ?”

“ನಮ್ಮದೇ. ಯಾಕಮ್ಮ?”

“ನಿಮ್ಮದೇ ಆಗಿರ್ಲಿ. ಯಾರೂ ಕಿತ್ಕೊಂಡು ಹೋಗೋದು ಬೇಡ. ಚೆಂದ ಬೆಳೀಲಿ. ನಿಮ್ಮ ಕಣ್ಣೆದುರೇ ಇರ್ಲಿ.” ಕೈಯಲ್ಲಿದ್ದ ಬಾಳೆಲೆಯ ಪೊಟ್ಟಣ ಬಿಚ್ಚಿ ಹೊಸ್ತಿಲ ಮೇಲೆ ಒಂದು ಹಿಡಿ ಮಣ್ಣು ಸುರಿದಳು. ಕರಿ ಮಣ್ಣು, ಜಿಗುಟು. “ನನ್ನ ನೆಲದ ಆಣೆ. ನಮ್ಮೂರ ದೈವದ ಆಣೆ. ನಿಮ್ಮ ಕೈಗೆ ಮಾತ್ರ ದಕ್ಕದೆ ಇರ್ಲಿ.”

ಕೊನೆಯ ಮಾತು ಗುಡುಗಿನಲ್ಲಿ ಕೊಚ್ಚಿಹೋಯಿತು. ಒಳಗಿದ್ದ ಹೆಂಡತಿ ವಿನೋದಾಳಿಗೆ ಮೊದಲಿನದಷ್ಟೇ ಕೇಳಿಸಿದ್ದು. “ಪಾಪ, ಎಷ್ಟು ಚೆನ್ನಾಗಿ ಹರಸಿದ್ರು, ಯಾರು ರೀ ಅವರು?” ಎಂದಳು. ತಿರುಮಲೇಶ ಚಪ್ಪಲಿಯ ತುದಿಯಿಂದ ಮಣ್ಣನ್ನು ಚರಂಡಿಗೆ ತಳ್ಳಿ, “ಒಂದು ಅರ್ಜಿ,” ಎಂದ. ಆಮೇಲೆ ಬಗ್ಗಿ ಮಗಳನ್ನು ಎತ್ತಿಕೊಂಡ.

ಮಗು ಭಾರವಾಯಿತು. ನೆಂದ ಮಣ್ಣಿನ ಮೂಟೆಯ ಹಾಗೆ, ಒಮ್ಮೆಲೇ. ಕುತ್ತಿಗೆ ವಾಲಿತು. ತುಟಿ ನೀಲಿಯಾಯಿತು. ಅವಳ ಬಾಯಿಯಿಂದ ಕೋಯಂಬೇಡಿನ ಪಕ್ಕದ ಕೂವಂ ನದಿಯ ದಂಡೆಯ ಕೆಸರಿನ ವಾಸನೆ ಹೊಡೆಯಿತು. ವಿನೋದಾ ಕೂಗಿಕೊಂಡು ಕಿತ್ತುಕೊಂಡಳು. ತಾಯಿಯ ಕೈಗೆ ಬಂದದ್ದೇ ತಡ, ಮಗು ಕೆಮ್ಮಿ, ಉಸಿರೆಳೆದು, “ಅಮ್ಮಾ, ನನ್ನ ದೋಣಿ,” ಎಂದಿತು.

ಡಾಕ್ಟರು ಫಿಟ್ಸ್ ಎಂದರು. ಮರುದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಹೋದಾಗ ಮತ್ತೆ ಹಾಗೇ ಆಯಿತು. ಮೂರು ದಿನ ಬಿಟ್ಟು, ನಿದ್ದೆಯಲ್ಲಿದ್ದವಳ ಹಣೆ ಸವರಿದಾಗಲೂ. ಬೇರೆ ಯಾರು ಮುಟ್ಟಿದರೂ ಏನಿಲ್ಲ. ಹಾಲಿನವಳು ಕೆನ್ನೆ ಹಿಂಡಿದರೆ ಕಿಲಕಿಲ ನಗುತ್ತಿದ್ದಳು. ವಿನೋದಾ ಗಂಡನ ಕೈಗಳನ್ನೇ ನೋಡತೊಡಗಿದಳು.

“ಕಾಕತಾಳೀಯ ಕಣೇ,” ಎಂದ ಅವನು. “ಓದಿದೋರು ನಾವು. ಒಂದು ಸಲ ಗಟ್ಟಿ ಮನಸ್ಸು ಮಾಡಿ ಹಿಡ್ಕೊಂಡ್ರೆ ಸರಿಹೋಗುತ್ತೆ. ಬಿಟ್ಟುಬಿಡೋದೇ ತಪ್ಪು.”

“ಬೇಡ ರೀ. ನಿಮ್ಮ ಕಾಲಿಗೆ ಬೀಳ್ತೀನಿ.”

ಅಂದು ಬಿರುಗಾಳಿಯ ಎಚ್ಚರಿಕೆ ಇತ್ತು. ಸಂಜೆ ಐದಕ್ಕೇ ಕತ್ತಲೆ. ಕರೆಂಟು ಹೋಯಿತು. ವಿನೋದಾ ಅಡಿಗೆಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುತ್ತಿದ್ದಳು. ಕೋಣೆಯಲ್ಲಿ ತುಂಗಾ ಹೆದರಿ ಕರೆದಳು. “ಅಪ್ಪಾ?” ಕತ್ತಲಲ್ಲಿ ಎರಡು ಪುಟ್ಟ ಕೈ ಅವನ ಕಡೆ ಚಾಚಿದ್ದವು. ಯಾವ ಅಪ್ಪ ನಿಂತಾನು? ಅವನು ಬಾಚಿ ತಬ್ಬಿಕೊಂಡ.

ಉಸಿರು ನಿಂತಿತು. ಬಿಡಲಿಲ್ಲ ಅವನು. ಒಂದು, ಎರಡು, ಮೂರು, ಮನಸ್ಸಿನಲ್ಲೇ ಎಣಿಸಿದ. ಈಗ ಬರುತ್ತದೆ ಉಸಿರು. ಈಗ. ಮಗು ತಣ್ಣಗಾಯಿತು. ಕೆಸರಿನ ವಾಸನೆ ಕೋಣೆ ತುಂಬಿತು. ಎಲ್ಲೋ ಕಪ್ಪೆ ವಟಗುಟ್ಟಿತು. ಮನೆಯೊಳಗೇ. ಗೋಡೆಯೊಳಗೇ. ಅವನ ಪಾದ ತೇವವಾಯಿತು. ನೆಲ ಸಿಮೆಂಟಿನದಾಗಿರಲಿಲ್ಲ. ಮೆತ್ತಗಿತ್ತು. ಕಾಲು ಹೂತವು. ಬೆರಳಿಟ್ಟು ಮಗುವಿನ ಬಾಯಿ ತೆರೆದ. ಒಳಗೆ ನಾಲಿಗೆ ಸಿಗಲಿಲ್ಲ. ಮಣ್ಣು. ಕರಿ ಮಣ್ಣು. ಜಿಗುಟು. ಅದರೊಳಗೆ ಏನೋ ಚಿಗುರಿತ್ತು. ಹುಲ್ಲು. ಬೆರಳಿಗೆ ಸುತ್ತಿಕೊಂಡಿತು.

“ಬಿಡ್ರೀ! ಬಿಡ್ರೀ ಅವಳನ್ನ!”

ವಿನೋದಾ ದೀಪವನ್ನು ಕೈಬಿಟ್ಟು ಮಗುವನ್ನು ಎಳೆದಳು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕೆಮ್ಮು. ಇನ್ನೊಂದು. ಮತ್ತೆ ದೀಪ ಹಚ್ಚಿ ನೋಡಿದರೆ ನೆಲ ಒಣಗಿತ್ತು. ಮಗುವಿನ ಹಲ್ಲಿನ ಸಂದಿಯಲ್ಲಿ ಮಾತ್ರ ಒಂದು ಹಸಿರು ಎಸಳು ಉಳಿದಿತ್ತು.

ಆ ಸಂಜೆಯಿಂದ ತಿರುಮಲೇಶ ಮನೆಯೊಳಗೆ ಮಲಗಲಿಲ್ಲ. ನಿದ್ದೆಗಣ್ಣಲ್ಲಿ ಮಗು ಬಂದು ಅಪ್ಪಿಕೊಂಡರೆ?

ಆದರೂ ಗುಣವತಿಯ ಮುಂದೆ ತಲೆ ತಗ್ಗಿಸಲು ಅವನಿಗೆ ಪೊಂಗಲ್ ಕಳೆಯುವ ತನಕ ಬೇಕಾಯಿತು. ಕೃಷ್ಣರಾಜನೇ ವಿಳಾಸ ಕೊಟ್ಟ. ಮಾಧವರಂನ ಒಂದು ಊಟದ ಮೆಸ್ಸಿನಲ್ಲಿ ಅವಳು ಅಡಿಗೆಗೆ ಸೇರಿದ್ದಳು. ಅಕ್ಕಿ ತೊಳೆಯುತ್ತ ಕೂತಿದ್ದವಳು ಅವನನ್ನು ಕಂಡು ಎದ್ದು ನಿಂತಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

“ನಷ್ಟ ಆಗಿದೆ ಅಂತ ಬರೀತೀನಮ್ಮ. ಪೂರ್ತಿ ಬೆಲೆ ಕೊಡಬೇಕು ಅಂತ ಬರೀತೀನಿ. ಬಿಡಿಸಿಕೊಡಿ.”

“ಬರೆದು ಯಾರಿಗೆ ಕೊಡ್ತೀರಿ? ಅವರು ಹೋಗಿ ಮೂರು ತಿಂಗಳಾಗ್ತಾ ಬಂತಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಸಿಟ್ಟಲ್ಲಿ ಇಟ್ಟೆ ಅಣ್ಣ. ಆ ದಿನದಿಂದ ಕಣ್ಣು ಮುಚ್ಚಿದ್ರೆ ನಿಮ್ಮ ಕೂಸಿನ ಮುಖವೇ ಕಾಣ್ತದೆ. ನಂಗೆ ಮಕ್ಕಳಿಲ್ಲ. ಬಿಡಿಸ್ತೇನೆ, ಎಂತ ದೊಡ್ಡ ಕೆಲಸವೂ ಅಲ್ಲ. ಆಣೆ ಇಟ್ಟ ಮಣ್ಣಿನ ಮೇಲೆ ಅದರ ಒಡತಿ ನಿಂತು ಮೂರು ಸಲ ಬಿಟ್ಟೆ ಅಂದ್ರೆ…”

ಅವಳ ಮಾತು ಅಲ್ಲಿಗೇ ನಿಂತಿತು. ಕೈಯಿಂದ ಅಕ್ಕಿ ನೀರಿಗೆ ಸೋರಿತು.

“ಏನಮ್ಮ?”

“ಒಡತಿ ನಾನಲ್ಲ ಈಗ. ಮಾರಿಬಿಟ್ಟೆ ಅಣ್ಣ.”

ಆಣೆ ಇಟ್ಟ ವಾರದಲ್ಲೇ ಒಬ್ಬ ದಲ್ಲಾಳಿ ಬಂದಿದ್ದನಂತೆ. ಅವನ ಕೈಯಲ್ಲಿ ತಿರುಮಲೇಶ ಬರೆದ ಮೂರು ಸಾಲಿನ ಪ್ರತಿ ಇತ್ತು. ಸರಕಾರದಿಂದ ಇನ್ನು ಬಿಡಿಗಾಸೂ ಬರುವುದಿಲ್ಲ, ಹಸಿರು ನೆಲವನ್ನು ಬೇರೆ ಯಾರೂ ಮೂಸುವುದಿಲ್ಲ, ಕೊಟ್ಟಷ್ಟು ತಗೋ ಎಂದನಂತೆ. ಆಸ್ಪತ್ರೆಯದು, ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಖರ್ಚಿನದು ಎಂದು ಸಾಲಗಾರರು ಬಾಗಿಲಲ್ಲಿದ್ದರು. ಹೆಬ್ಬೆಟ್ಟು ಒತ್ತಿಬಿಟ್ಟಿದ್ದಳು.

ಆದರೂ ಹೋದರು. ವಿನೋದಾ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಜಾಗದ ಸುತ್ತ ಹೊಸ ಕಾಂಪೌಂಡು ಎದ್ದಿತ್ತು, ಒಳಗೆ ತಳಪಾಯ ತೋಡುತ್ತಿದ್ದರು. ಕಾವಲುಗಾರ ಕನಿಕರಪಟ್ಟು ಐದು ನಿಮಿಷ ಬಿಟ್ಟ. ಗುಣವತಿ ಚಪ್ಪಲಿ ಕಳಚಿ ಮಣ್ಣಿನ ಮೇಲೆ ನಿಂತು ಕೈ ಮುಗಿದಳು.

“ಬಿಟ್ಟೆ. ಬಿಟ್ಟೆ. ಬಿಟ್ಟೆ.”

ತಿರುಮಲೇಶ ಒಂದೇ ಬೆರಳು ಚಾಚಿ ಮಗಳ ಕಿರುಬೆರಳ ತುದಿ ಮುಟ್ಟಿದ. ಮಗುವಿನ ನಗು ಅರ್ಧಕ್ಕೇ ನಿಂತುಹೋಯಿತು. ಕಣ್ಣು ಮೇಲಕ್ಕೆ ಸರಿಯಿತು. ಅವನು ಕೈಯನ್ನು ಬೆಂಕಿಯಿಂದ ತೆಗೆದ ಹಾಗೆ ಹಿಂದಕ್ಕೆಳೆದ.

ಗುಣವತಿ ಅಲ್ಲೇ ಕುಸಿದಳು. “ಈ ಮಣ್ಣಿಗೆ ನನ್ನ ಗುರ್ತೇ ಇಲ್ಲ ಅಣ್ಣ,” ಎಂದು ಎರಡೂ ಕೈಯಿಂದ ಅದನ್ನು ಬಡಿದಳು.

ನೆಲವನ್ನು ಮತ್ತೆ ಕೊಂಡು ಅವಳ ಹೆಸರಿಗೆ ಮಾಡಿಸಬೇಕೆಂದು ತಿರುಮಲೇಶ ಹೊಸ ಯಜಮಾನನ ಬಳಿಗೂ ಹೋದ. ಆ ಯಜಮಾನ ಕಚೇರಿಯ ಯಾವ ಬಾಗಿಲು ತಟ್ಟಿದ್ದನೋ, ಅವನ ಮೇಜಿನ ಮೇಲೆ ತಿದ್ದಿದ ನಕ್ಷೆ ಹರಡಿತ್ತು. ಆ ಒಂದು ಗ್ರೌಂಡು ಈಗ ಹಳದಿಯಾಗಿತ್ತು. ಬೆಲೆ ಕಟ್ಟುವುದು ತಿರುಮಲೇಶನ ಕಸುಬೇ ತಾನೇ, ನಿಂತಲ್ಲೇ ಲೆಕ್ಕ ಹಾಕಿದ. ಮೈಸೂರಿನ ಮನೆ ಮಾರಿದರೂ ಅದರ ಒಂದು ಮೂಲೆ ಸಿಗುವಂತಿರಲಿಲ್ಲ.

ಗುಣವತಿ ಬದುಕಿದ್ದಷ್ಟು ಕಾಲ ಪ್ರತಿ ಅಮಾವಾಸ್ಯೆ ಮಾಧವರಂನಿಂದ ಬಂದು, ಅಲ್ಲಿ ಎದ್ದ ಮೂರು ಮಹಡಿಯ ಕಟ್ಟಡದ ಗೇಟಿನ ಮುಂದೆ ನಿಂತು “ಬಿಟ್ಟೆ” ಅನ್ನುತ್ತಿದ್ದಳು. ಯಾರೋ ಹುಚ್ಚಿ ಎಂದು ಜನ ಚಿಲ್ಲರೆ ಎಸೆಯುತ್ತಿದ್ದರು. ಎಂಬತ್ತೆರಡರ ಬೇಸಗೆಯಲ್ಲಿ ಅವಳೂ ತೀರಿಕೊಂಡಳು. ಕೊಳ್ಳಿ ಇಟ್ಟವನು ತಿರುಮಲೇಶ.

ಅವನು ಈಗ ಮಾಧವರಂನಲ್ಲೇ ಒಂದು ಕೋಣೆಯಲ್ಲಿದ್ದಾನೆ. ಭಾನುವಾರ ಅಣ್ಣಾ ನಗರ್‌ಗೆ ಬಂದು, ಅಗಲ ರಸ್ತೆಯ ಈಚೆ ಬದಿಯ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂರುತ್ತಾನೆ. ಆಚೆ ಬದಿಯ ಮೆಟ್ಟಿಲ ಮೇಲೆ ತುಂಗಾ. ಅಪ್ಪನಿಗೆ ಎದೆಯ ಕಾಯಿಲೆ, ಅಂಟುತ್ತದೆ ಎಂದು ವಿನೋದಾ ಹೇಳಿಟ್ಟಿದ್ದಾಳೆ. ರಸ್ತೆಯ ಎರಡು ಬದಿಯಿಂದ ಕೂಗಿ ಕೂಗಿ ಮಾತು. ಅವನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುತ್ತಾಳೆ. ಪರೀಕ್ಷೆಯ ಮಾರ್ಕು, ಗೆಳತಿ ವಾಸಂತಿಯ ಜೊತೆ ಠೂ ಬಿಟ್ಟದ್ದು, ಎಲ್ಲ.

ಎಂಬತ್ತನಾಲ್ಕರ ಒಂದು ಭಾನುವಾರ ಬೆಳಿಗ್ಗೆ ಅವಳು ಬಾಡಿಗೆ ಸೈಕಲ್ ಕಲಿಯುತ್ತಿದ್ದಳು. ಅವನು ಬೆಂಚಿನಿಂದಲೇ “ಮುಂದೆ ನೋಡೇ, ಮುಂದೆ!” ಎಂದು ಕೂಗುತ್ತಿದ್ದ. ಬಿದ್ದಳು. ಅವನಿಂದ ಹತ್ತು ಹೆಜ್ಜೆ ದೂರದಲ್ಲಿ. ಮೊಣಕಾಲು ಸುಲಿದು ರಕ್ತ ಇಳಿಯಿತು. ವಿನೋದಾ ಒಳಗಿದ್ದಳು. ತುಂಗಾ ಎದ್ದು, ಕಣ್ಣು ಉಜ್ಜಿ, ಎದುರಿಗೆ ಯಾರಿದ್ದರೋ ಅವರ ಕಡೆ ಓಡಿಬಂದಳು. ಎರಡೂ ಕೈ ಚಾಚಿಕೊಂಡು.

“ಅಪ್ಪಾ!”

ತಿರುಮಲೇಶ ಎದ್ದ. ತಿರುಗಿದ. ಓಡಿದ.

ಹಿಂದೆ ಅವಳ ಚಪ್ಪಲಿಯ ಸದ್ದು. “ಅಪ್ಪಾ, ನಿಲ್ಲುಪ್ಪಾ! ವಲಿಕ್ಕುದುಪ್ಪಾ!” ನೋವಾಗ್ತಿದೆ, ನಿಲ್ಲು ಅಂತ. ಅವನು ಇನ್ನೂ ಜೋರಾಗಿ ಓಡಿದ. ಸೈಕಲ್ ಅಂಗಡಿಯವನು ಬೈದ. ಹೂ ಮಾರುವವಳು ಎದ್ದು ನಿಂತು, “ಅಳೋ ಮಗೂನ ಬಿಟ್ಟು ಓಡ್ತಾನಲ್ಲ, ಇವನೂ ಒಬ್ಬ ಅಪ್ಪನಾ!” ಎಂದು ತಮಿಳಿನಲ್ಲಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಕಣ್ಣೀರಿನಲ್ಲಿ ರಸ್ತೆ ಕಾಣಲಿಲ್ಲ. ಎದೆ ಉರಿಯಿತು. ಚಪ್ಪಲಿಯ ಸದ್ದು ಹತ್ತಿರವಾಯಿತು. ಇನ್ನೂ ಹತ್ತಿರ. ಮಗಳು ಚೆನ್ನಾಗಿ ಓಡುತ್ತಾಳೆ, ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಸದ್ದು ನಿಂತಿತು.

ಅವಳು ದಣಿದು ನಿಂತಳೋ, ಅಪ್ಪನ ಮೇಲೆ ಬೇಸತ್ತು ನಿಂತಳೋ, ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ. ತಿರುಗಿದರೆ ಕಾಲು ನಿಲ್ಲುತ್ತಿತ್ತು. ಅವನು ಓಡುತ್ತಲೇ ಇದ್ದ.